ಎಗೋನ್ ಹೆಫೆಲೆಯ ಖಾಸಗಿ ಭುಜ

ದೇವರು ಮನುಷ್ಯನನ್ನು ಮಾಡುವಾಗ ಮೊಣಕಾಲಿಗೆ ಒಂದೇ ದಿಕ್ಕು ಕೊಟ್ಟ, ಮೊಣಕೈಗೂ ಒಂದೇ ದಿಕ್ಕು ಕೊಟ್ಟ, ಭುಜಕ್ಕೆ ಮಾತ್ರ ಎಲ್ಲ ದಿಕ್ಕುಗಳನ್ನೂ ಕೊಟ್ಟ. ಕೈಯೆತ್ತಿ ತನ್ನನ್ನು ಸ್ತುತಿಸಲಿ ಎಂದಿದ್ದೀತು. ಆಮೇಲೆ ನಮ್ಮ ದೇಶಕ್ಕೆ ವಿಮೆಯವರು ಬಂದರು. ಅವರು ಭುಜದ ತಂಟೆಗೆ ಹೋಗಲಿಲ್ಲ. ಭುಜ ಹೊತ್ತ ಜನರನ್ನು ಎರಡು ಪಾಲು ಮಾಡಿದರು. ಹತ್ತು ಜನರಲ್ಲಿ ಒಂಬತ್ತು ಮಂದಿ ಸರ್ಕಾರಿ ವಿಮೆಯವರು, ಉಳಿದ ಒಬ್ಬ ವೈದ್ಯರಿಗೆ ಹೆಚ್ಚು ಹಣ ಕೊಡಿಸುವ ಖಾಸಗಿ ವಿಮೆಯವನು. ಒಂಬತ್ತು ಜನ ಬಾಗಿಲ ಹೊರಗೆ ಕಾಯುತ್ತಾರೆ, ಆ ಒಬ್ಬ ಒಳಗೆ ಕೂತು ಕಾಫಿ ಕುಡಿಯುತ್ತಾನೆ. ಇದಕ್ಕೆ ನಾವು ಸಮಾನತೆ ಎನ್ನುತ್ತೇವೆ, ಏಕೆಂದರೆ ಬಾಗಿಲು ಎಲ್ಲರಿಗೂ ಒಂದೇ.

ಟಾಲ್‌ಹೈಮಿನ ನಮ್ಮ ಆರು ಮನೆಗಳ ಕಟ್ಟಡದಲ್ಲಿ ಮೂರನೆಯ ಮಹಡಿಯ ಎಗೋನ್ ಹೆಫೆಲೆ ಆ ಒಂಬತ್ತರಲ್ಲಿ ಒಬ್ಬ. ಐವತ್ತೇಳು ವರ್ಷದವನು, ಮನೆಗಳಿಗೆ ಬಣ್ಣ ಬಳಿಯುವವನು, ಒಳ್ಳೆಯವನು. ಒಳ್ಳೆಯವನು ಎಂದೆನೇ ಹೊರತು ಬುದ್ಧಿವಂತ ಎನ್ನಲಿಲ್ಲ. ಫೆಬ್ರವರಿಯ ಕೊನೆಯಲ್ಲಿ ಅವನ ಬಲಭುಜ ಹಟ ಹಿಡಿಯಿತು. ಕೈ ಎದೆಯ ಮಟ್ಟದವರೆಗೆ ಸರಾಗವಾಗಿ ಬರುತ್ತಿತ್ತು, ಅಲ್ಲಿಗೆ ಬಂದು ಬಾಡಿಗೆ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಎರಡು ದಿನ ಅವನು ಗೋಡೆಗಳ ಕೆಳಗಿನ ಅರ್ಧವನ್ನು ಮಾತ್ರ ಬಳಿದ. ಮೂರನೆಯ ದಿನ ಅವನ ಯಜಮಾನ ಮೇಸ್ತ್ರಿ ಬೋಪ್ ಬಂದು ನೋಡಿದ.

"ಎಗೋನ್, ಕೆಳಗಿನ ಅರ್ಧ ನೀನು ಬಳಿದೆ, ಸರಿ. ಮೇಲಿನ ಅರ್ಧ ದೇವದೂತರು ಬಂದು ಬಳೀತಾರಾ?"

"ಸ್ವಲ್ಪ ಕೈ ಹಿಡ್ಕೊಂಡಿದೆ, ಮೇಸ್ತ್ರಿ."

"ಈಸ್ಟರ್ ಕಳೆದು ಎರಡು ವಾರಕ್ಕೆ ಶಿಶುವಿಹಾರದ ಕೆಲಸ ಇದೆ. ಒಂಬತ್ತು ಕೋಣೆ, ಒಂಬತ್ತೂ ಸೀಲಿಂಗು. ಅಷ್ಟರೊಳಗೆ ನಿನ್ನ ಕೈ ತಲೆ ಮೇಲೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಾನು ಬೇರೆಯವನನ್ನ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿ ಜನ ಮಾಡುವ ಕೆಲಸಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬಹುದು. ಇರಲಿ.

ವೈದ್ಯರು ಭುಜವನ್ನು ಮೂರು ನಿಮಿಷ ನೋಡಿದರು. ಕೀಲು ಹೆಪ್ಪುಗಟ್ಟಿದೆ, ಫಿಸಿಯೋ ಒಬ್ಬರು ಹಿಡಿದು ಎಳೆದು ಬಿಡಿಸಬೇಕು, ಬಿಟ್ಟರೆ ಹಾಗೇ ಗಟ್ಟಿಯಾಗುತ್ತದೆ ಎಂದರು. ಆರು ಸಲದ ಚಿಕಿತ್ಸೆಗೆ ಒಂದು ಚೀಟಿ ಬರೆದುಕೊಟ್ಟರು.

"ಇವತ್ತು ಮಾರ್ಚ್ ಮೂರು. ಇಪ್ಪತ್ತೆಂಟು ದಿನದೊಳಗೆ ಮೊದಲ ಸಲ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಚೀಟಿ ಸತ್ತ ಹಾಗೆ."

"ಭುಜ?"

"ಭುಜಕ್ಕೆ ಅಂಥ ನಿಯಮ ಏನೂ ಇಲ್ಲ."

ಎಗೋನ್ ಸಂತೋಷದಿಂದಲೇ ಮನೆಗೆ ಬಂದ. ಇಪ್ಪತ್ತೆಂಟು ದಿನದಲ್ಲಿ ಟಾಲ್‌ಹೈಮಿನಂಥ ಊರಲ್ಲಿ ಒಬ್ಬ ಫಿಸಿಯೋ ಸಿಗುವುದಿಲ್ಲವೇ? ಊರಲ್ಲಿ ಚರ್ಚು ಎರಡು, ಬ್ರೆಡ್ ಅಂಗಡಿ ಮೂರು, ಫಿಸಿಯೋ ಕೇಂದ್ರ ಏಳು. ಸುತ್ತಲ ಹಳ್ಳಿಗಳಲ್ಲಿ ಇನ್ನೂ ಐದು. ಅವನ ಹೆಂಡತಿ ಹೆಡ್ವಿಗ್ ಹನ್ನೆರಡೂ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು.

ಮೊದಲ ಕೇಂದ್ರದಲ್ಲಿ ಒಬ್ಬಳು ಫೋನೆತ್ತಿದಳು. ಎಗೋನ್ ತನ್ನ ಭುಜದ ಕಥೆಯನ್ನು ಮೊದಲಿನಿಂದ ಶುರು ಮಾಡಿದ. ಅವಳು ನಡುವೆ ಬಾಯಿ ಹಾಕಿದಳು.

"ಸರ್ಕಾರಿಯೋ, ಖಾಸಗಿಯೋ?"

"ಬಲಗಡೇದು."

"ವಿಮೆ ಕೇಳಿದ್ದು."

"ಓ. ಸರ್ಕಾರಿ."

"ನವೆಂಬರ್ ಹದಿನೇಳು, ಬೆಳಿಗ್ಗೆ ಆರೂ ಮುಕ್ಕಾಲು. ಬರ್ಕೊಳ್ಲಾ?"

"ಇದು ಮಾರ್ಚ್ ಅಲ್ವಾ ಅಮ್ಮ? ನನ್ನ ಚೀಟಿ ಈ ತಿಂಗಳೇ ಸಾಯುತ್ತೆ."

"ನವೆಂಬರಿಗೆ ಹೊಸ ಚೀಟಿ ತಗೊಂಬನ್ನಿ."

ಎರಡನೆಯ ಕೇಂದ್ರದಲ್ಲಿ ಯಂತ್ರ ಮಾತಾಡಿತು. ಮೂರನೆಯದರಲ್ಲಿ ಯಂತ್ರದಂಥ ಮನುಷ್ಯ ಮಾತಾಡಿದ. ನಾಲ್ಕನೆಯವನು "ಸರ್ಕಾರಿಯವರನ್ನ ನಾವು ಬಿಟ್ಟು ನಾಲ್ಕು ವರ್ಷ ಆಯ್ತು" ಎಂದು, ಸಿಗರೇಟು ಬಿಟ್ಟವರು ಹೇಳುವಂಥ ಹೆಮ್ಮೆಯಲ್ಲಿ ಹೇಳಿದ. ಐದನೆಯ ಕಡೆ ನಕ್ಕರು. ಕೆಟ್ಟ ನಗುವಲ್ಲ, ನಿಜವಾಗಿಯೂ ನಗು ಬಂದು ನಕ್ಕರು. ಹೀಗೆ ನಾಲ್ಕು ದಿನಗಳಲ್ಲಿ ಹತ್ತು ಕೇಂದ್ರ ಮುಗಿಯಿತು. ಹತ್ತರಲ್ಲಿ ಒಬ್ಬರಾದರೂ "ಎಲ್ಲಿ ನೋವು?" ಎಂದು ಕೇಳಿರಲಿಲ್ಲ.

ಹನ್ನೊಂದನೆಯದರ ಹೆಸರು 'ದೇಹ ಮತ್ತು ಮೌನ'. ಅಲ್ಲಿ ಫೋನೆತ್ತಿದವಳ ದನಿ ಜೇನಿನಲ್ಲಿ ಅದ್ದಿದಂತಿತ್ತು. "ನಮಸ್ಕಾರ. ಸರ್ಕಾರಿಯೋ, ಖಾಸಗಿಯೋ?"

ಎಗೋನ್ ಹಾಳೆಯನ್ನು ನೋಡಿದ. ತನ್ನ ಕೈಯನ್ನು ನೋಡಿದ. ಒಲೆಯ ಮುಂದೆ ಬೇಳೆ ಕಲಕುತ್ತಿದ್ದ ಹೆಡ್ವಿಗ್‌ಳ ಬೆನ್ನನ್ನು ನೋಡಿದ. ನಂತರ, ಜೀವಮಾನದಲ್ಲಿ ಒಂದು ಸಲವೂ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಕೂರದ ಆ ಮನುಷ್ಯ, ಎದೆಯುಬ್ಬಿಸಿ, ಅಗತ್ಯಕ್ಕಿಂತ ಜೋರಾಗಿ ಹೇಳಿದ:

"ಖಾಸಗಿ! ಮೊದಲಿಂದಲೂ ಖಾಸಗಿ!"

"ಅಯ್ಯೋ, ಎಲ್ಲಿ ನೋವು ಸ್ವಾಮಿ?" ಎಂದಳು ಅವಳು ತಕ್ಷಣ. "ನಾಳೆ ಒಂಬತ್ತಕ್ಕೆ ಆಗುತ್ತಾ? ಇಲ್ಲಾ ಇವತ್ತೇ ಮೂರಕ್ಕೆ ಬರ್ತೀರಾ? ಚಹಾ ಯಾವುದು ಕುಡೀತೀರಿ?"

ಹೆಡ್ವಿಗ್ ಸೌಟು ಹಿಡಿದೇ ತಿರುಗಿದಳು. "ಏನಂದೆ ಈಗ?"

"ಬಾಯಿಗೆ ಬಂತು, ಅಂದೆ."

ಅಡುಗೆಮನೆಯ ಕಿಟಕಿ ತೆರೆದಿತ್ತು. ಅದರ ಕೆಳಗೆ ಅಂಗಳದಲ್ಲಿ ಫ್ರೌ ಸ್ಟೈಮ್ಲೆ ಕಸದ ಡಬ್ಬಿಗಳನ್ನು ಸೋಪು ಹಾಕಿ ತೊಳೆಯುತ್ತಿದ್ದರು.

ಫ್ರೌ ಸ್ಟೈಮ್ಲೆ, ಅಂದರೆ ಶ್ರೀಮತಿ ಸ್ಟೈಮ್ಲೆ, ಎರಡನೆಯ ಮಹಡಿಯ ವಿಧವೆ. ನಮ್ಮ ಕಡೆ ಪ್ರತಿ ಕಟ್ಟಡದಲ್ಲೂ ಗುಡಿಸುವ ವಾರ ಎಂಬುದು ಸರದಿಯ ಮೇಲೆ ಬರುತ್ತದೆ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಆ ವಾರ ಮೆಟ್ಟಿಲು, ಅಂಗಳ, ಕಾಲುದಾರಿ, ಕಸದ ಡಬ್ಬಿ ಎಲ್ಲ ಅವರ ಪಾಲು. ನಮ್ಮ ಕಟ್ಟಡದಲ್ಲಿ ಈ ಧರ್ಮಕ್ಕೆ ಫ್ರೌ ಸ್ಟೈಮ್ಲೆ ಪೀಠಾಧಿಪತಿ. ನಾವು ಗುಡಿಸಿದ ಮೆಟ್ಟಿಲಿನ ಮೂಲೆಯಲ್ಲಿ ಅವರು ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು, ಏನೂ ಹೇಳದೆ ಹೋಗುತ್ತಾರೆ. ಹೇಳಿದರೆ ವಾಸಿ. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಪಾಪದ ಮಾತೆತ್ತಿದಾಗ ನಾವು ಐದು ಮನೆಯವರೂ ನೆನೆಯುವುದು ಆ ಬೆರಳನ್ನೇ.

ಸಂಜೆಯ ಹೊತ್ತಿಗೆ ಸುದ್ದಿ ಆರು ಮನೆಗೂ, ಮೂರು ಬ್ರೆಡ್ ಅಂಗಡಿಗೂ, ಪಕ್ಕದ ವೈಲರ್ ಹಳ್ಳಿಗೂ ತಲುಪಿತ್ತು.

"ನನ್ನ ಕಿವಿಯಾರೆ ಕೇಳಿದೀನಿ," ಎಂದರು ಫ್ರೌ ಸ್ಟೈಮ್ಲೆ, ಮೆಟ್ಟಿಲಲ್ಲಿ ನನ್ನನ್ನು ತಡೆದು. "ಮೊದಲಿಂದಲೂ ಖಾಸಗಿಯಂತೆ! ಮೂವತ್ತು ವರ್ಷದಿಂದ ಅದೇ ಬಣ್ಣ ಮೆತ್ತಿದ ಪ್ಯಾಂಟು ಹಾಕ್ಕೊಂಡು ನಮ್ಮ ಕಣ್ಣಿಗೆ ಮಣ್ಣೆರಚಿದಾನೆ. ಇಂಥೋರ ಹತ್ರಾನೇ ನೋಡಿ, ಒಳಗೊಳಗೇ ದುಡ್ಡಿರೋದು."

"ಪೇಂಟರಿಗೆ ಖಾಸಗಿ ವಿಮೆ ಎಲ್ಲಿಂದ ಬರುತ್ತೆ ಫ್ರೌ ಸ್ಟೈಮ್ಲೆ?"

"ಅದನ್ನೇ ನಾನೂ ಕೇಳೋದು!" ಎಂದು ಅವರು, ಉತ್ತರ ಸಿಕ್ಕವರಂತೆ ಹೊರಟುಹೋದರು.

ಕೆಳಗಿನ ಮನೆಯಲ್ಲಿ ನಿವೃತ್ತ ಹಿರಿಯ ಉಪಾಧ್ಯಾಯರು ಡಾಕ್ಟರ್ ಕ್ನೌಪ್ ಇದ್ದಾರೆ. ಸರ್ಕಾರದ ದೊಡ್ಡ ನೌಕರಿಯಲ್ಲಿದ್ದವರಾದ್ದರಿಂದ ಅವರು ಖಾಸಗಿ ವಿಮೆಯವರು. ಸರ್ಕಾರದವರಿಗೆ ಖಾಸಗಿ, ಉಳಿದವರಿಗೆ ಸರ್ಕಾರಿ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನಮ್ಮಲ್ಲಿ ಯಾರೂ ನಗುವುದಿಲ್ಲ. ಹನ್ನೊಂದು ವರ್ಷ ಎಗೋನ್‌ನನ್ನು ಕಂಡು ಹುಬ್ಬಿನಲ್ಲಿಯೇ ನಮಸ್ಕಾರ ಮಾಡಿದ್ದ ಅವರು ಅಂದು ಮೂರನೆಯ ಮಹಡಿ ಹತ್ತಿ ಬಂದು ಅವನ ಬಲಗೈಯನ್ನೇ ಹಿಡಿದು ಕುಲುಕಿದರು. ಎಗೋನ್‌ಗೆ ಕಣ್ಣಲ್ಲಿ ನೀರು ಬಂತು.

"ಭಾವುಕರಾಗಬೇಡಿ, ಪ್ರಿಯ ಹೆಫೆಲೆ," ಎಂದರು ಕ್ನೌಪ್. "ನಮ್ಮಂಥೋರು ಈ ಕಟ್ಟಡದಲ್ಲಿ ಇಬ್ಬರಾದ್ವಿ ಅಂತ ಸಂತೋಷ. ನಿಮಗೆ ಆಸ್ಪತ್ರೇಲಿ ಮುಖ್ಯ ವೈದ್ಯರೇ ನೋಡೋ ಸೌಲಭ್ಯ ಇದೆ ತಾನೇ?"

"ಇದೆ ಅಂತ ಕಾಣುತ್ತೆ," ಎಂದ ಎಗೋನ್.

"ಒಬ್ಬರೇ ಇರೋ ಕೋಣೆ?"

"ಇಲ್ಲಿ ಹೆಡ್ವಿಗ್ ಇದಾಳೆ."

"ಹಹ್ಹಾ! ಹಾಸ್ಯ ಬೇರೆ!" ಕ್ನೌಪ್ ಅವನ ಬೆನ್ನು ತಟ್ಟಿದರು, ಅದೇ ಬಲಗಡೆ.

ಮಾರನೆಯ ಬೆಳಿಗ್ಗೆ ಎಗೋನ್ ಮದುವೆಯ ಕೋಟು ಹಾಕಿಕೊಂಡು 'ದೇಹ ಮತ್ತು ಮೌನ'ಕ್ಕೆ ಹೋದ. ಅಲ್ಲಿ ಸೌತೆಕಾಯಿ ತೇಲುತ್ತಿದ್ದ ನೀರು ಕೊಟ್ಟರು. ಗೋಡೆಯೊಳಗಿಂದ ಕೊಳಲಿನ ದನಿ ಬರುತ್ತಿತ್ತು. ಬಿಳಿ ಬಟ್ಟೆಯ ಯುವಕನೊಬ್ಬ ಎದುರು ಕೂತು, ಕಣ್ಣು ಅರ್ಧ ಮುಚ್ಚಿ, ಭುಜ ಎಂಬುದು ಕೇವಲ ಭುಜವಲ್ಲ ಎಂದು ಇಪ್ಪತ್ತು ನಿಮಿಷ ವಿವರಿಸಿದ.

"ಅದನ್ನ ಸ್ವಲ್ಪ ಮೇಲಕ್ಕೆ ಎಳೀಬೇಕು ಅಂದ್ರು ಡಾಕ್ಟ್ರು," ಎಂದ ಎಗೋನ್.

"ನಾವು ಎಳೆಯೋದಿಲ್ಲ. ನೋವು ನಮ್ಮ ಪದ್ಧತಿಯಲ್ಲಿ ಇಲ್ಲ. ನಾವು ಪಾದದಿಂದ ಶುರು ಮಾಡಿ ಭುಜವನ್ನ ಆಹ್ವಾನಿಸ್ತೀವಿ."

ಹೀಗೆ ಎಗೋನ್‌ನ ಎಡಪಾದಕ್ಕೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರು. ಭುಜ ಆಹ್ವಾನವನ್ನು ಒಪ್ಪಲಿಲ್ಲ. ಬಲಪಾದಕ್ಕೆ ಎಣ್ಣೆ ಸುರಿಯಬೇಕು, ಅಷ್ಟರಲ್ಲಿ ಜೇನುದನಿಯವಳು ಅವನ ಚೀಟಿಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಒಳಗೆ ಬಂದಳು.

"ಇದು ಸರ್ಕಾರಿ ಚೀಟಿ," ಎಂದಳು. ಹಿಟ್ಟಿನ ಡಬ್ಬಿ ತೆರೆದು "ಇದು ಇಲಿ" ಎನ್ನುವವರ ದನಿ.

ಕೊಳಲು ನಿಂತಿತು. ಅದೇ ನಿಂತಿತೋ, ಯಾರಾದರೂ ನಿಲ್ಲಿಸಿದರೋ, ಎಗೋನ್‌ಗೆ ಇವತ್ತಿಗೂ ಗೊತ್ತಿಲ್ಲ. ಯುವಕ ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿದ. ಒಂದು ಪಾದ ಮೆದುವಾಗಿ, ಒಂದು ಪಾದ ಇದ್ದ ಹಾಗೇ, ಎಗೋನ್ ಬೀದಿಯಲ್ಲಿದ್ದ. ಎಡಗಾಲು ಬೂಟಿನೊಳಗೆ ಜಾರುತ್ತಿದ್ದುದರಿಂದ ಅವನು ಹಂಸದ ಹಾಗೆ ತೂಗಾಡುತ್ತ ಬಂದ. ಫ್ರೌ ಸ್ಟೈಮ್ಲೆ ಕಿಟಕಿಯಿಂದ ನೋಡಿದರು.

"ನೋಡಿ, ನೋಡಿ! ಒಂದೇ ಸಲಕ್ಕೆ ನಡಿಗೇನೇ ಬದಲಾಗಿದೆ!"

ಆ ಸಂಜೆಯೇ ಎಗೋನ್ ನಿಜ ಹೇಳಿಬಿಡಬಹುದಿತ್ತು. ಆದರೆ ಡಾಕ್ಟರ್ ಕ್ನೌಪ್ ಒಂದು ಬಾಟಲಿ ವೈನು ಕಳಿಸಿದ್ದರು. ಗುಡಿಸುವ ವಾರದ ಹಲಗೆ ಹೆಫೆಲೆಯವರ ಬಾಗಿಲಿಗೆ ಬಂದಾಗ ಫ್ರೌ ಸ್ಟೈಮ್ಲೆ ಅದನ್ನು ತಾವೇ ಕಳಚಿಕೊಂಡು, "ನೀವು ಸುಧಾರಿಸಿಕೊಳ್ಳಿ, ಹೆರ್ ಹೆಫೆಲೆ" ಎಂದು ಅವನ ಪಾಲಿನ ಮೆಟ್ಟಿಲನ್ನೂ ಗುಡಿಸಿದರು. ನಮ್ಮ ಕಟ್ಟಡದ ಚರಿತ್ರೆಯಲ್ಲಿ ಹಿಂದೆಂದೂ ನಡೆಯದ ಸಂಗತಿ. ಒಂದು ಮನೆಯಿಂದ ಹೆಣ ಹೊರಗೆ ಹೋದ ದಿನವೂ ಆ ಮನೆಯವರೇ ಗುಡಿಸಿದ್ದರು. ಎಗೋನ್ ಬಾಗಿಲ ಸಂದಿಯಿಂದ ಅದನ್ನು ನೋಡಿ ಮೆಲ್ಲಗೆ ಬಾಗಿಲು ಮುಚ್ಚಿದ.

"ಫೋನಲ್ಲಿ ಒಂದು ಸುಳ್ಳು ಹೇಳ್ದೆ," ಎಂದಳು ಹೆಡ್ವಿಗ್. "ಈಗ ಆ ಸುಳ್ಳು ನಮ್ಮನೆ ಮೆಟ್ಟಿಲು ಗುಡಿಸ್ತಾ ಇದೆ. ಚೆನ್ನಾಗಿದೆ. ಕೈ ಎತ್ತು ನೋಡೋಣ?"

ಕೈ ಎದೆಯ ಮಟ್ಟಕ್ಕೆ ಬಂತು, ನಿಂತಿತು. ಚೀಟಿಗೆ ಆಗ ಹದಿನೆಂಟು ದಿನ ತುಂಬಿತ್ತು.

ಹಾಳೆಯ ಹನ್ನೆರಡನೆಯ ನಂಬರನ್ನು ಯಾರೂ ಎತ್ತಲೇ ಇಲ್ಲ. ಕೊನೆಗೆ ದಾರಿ ಹುಡುಕಿದವಳು ಹೆಡ್ವಿಗ್. ಚರ್ಚಿನ ಹೆಂಗಸರ ಕೂಟದಲ್ಲಿ ಯಾರೋ ಹೇಳಿದರು: ವೈಲರಿನಲ್ಲಿ ಫ್ರೌ ಕ್ರೌಟರ್ ಅಂತ ಒಬ್ಬರು, ಕಮ್ಮಾರನ ಮಗಳು, ಫಿಸಿಯೋ. ಸರ್ಕಾರಿ ವಿಮೆಯವರನ್ನು ಬಿಟ್ಟು ಬೇರೆ ಯಾರನ್ನೂ ಮುಟ್ಟುವುದಿಲ್ಲ. ಖಾಸಗಿಯವರಿಗೆ ಜಾಗ ಬೇಕಾದಷ್ಟಿದೆ, ಹೋಗಲಿ ಅನ್ನುತ್ತಾರೆ. ಹಳ್ಳಿಯ ಮೂಲೆಯಲ್ಲಿದ್ದುದರಿಂದ ಅವರ ನಂಬರು ಯಾರ ಪಟ್ಟಿಯಲ್ಲೂ ಇರಲಿಲ್ಲ, ಹೆಡ್ವಿಗ್‌ಳ ಹಾಳೆಯಲ್ಲೂ. ಇನ್ನೂ ದೊಡ್ಡ ಸಂಗತಿಯೆಂದರೆ, ಚೀಟಿ ಸಾಯಲು ಬಂದವರಿಗೆಂದೇ ಅವರು ಪ್ರತಿ ಮಂಗಳವಾರ ಒಂದು ಗಂಟೆ ಖಾಲಿ ಇಡುತ್ತಾರೆ. ಕರ್ತನು ದೊಡ್ಡವನು.

ಎಗೋನ್ ಫೋನ್ ಮಾಡಿದ. ಕೇಳುವ ಮೊದಲೇ "ಸರ್ಕಾರಿ!" ಎಂದ. ಆ ಮಾತಿನಲ್ಲಿ ಇಷ್ಟು ಸಿಹಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ಹೆಸರು?"

"ಎಗೋನ್ ಹೆಫೆಲೆ, ಟಾಲ್‌ಹೈಮ್."

"ಹೆಫೆಲೆ? ಆ ಖಾಸಗಿ ಹೆಫೆಲೆ?"

ಫ್ರೌ ಕ್ರೌಟರ್ ಅವರ ಫೋನನ್ನು ನೋಡಿಕೊಳ್ಳುತ್ತಿದ್ದವಳು ಫ್ರೌ ಸ್ಟೈಮ್ಲೆಯ ಸ್ವಂತ ತಂಗಿ, ಗೆರ್ಲಿಂಡೆ.

"ನಾಚಿಕೆ ಆಗಲ್ವೇನ್ರೀ ನಿಮಗೆ? ಕಾಲು ಚಾಚೋಕೆ ಅರಮನೆ ಇರೋರು ಬಡವರ ಬೆಂಚಿಗೂ ಬಂದ್ರಾ? ಪಾದಕ್ಕೆ ಬಿಸಿ ಎಣ್ಣೆ ಹಾಕಿಸ್ಕೊಂಡು ಬಂದೋರಂತೆ ನೀವು! ನನ್ನ ಅಕ್ಕ ಎಲ್ಲಾ ಹೇಳಿದಾಳೆ!" ಫೋನು ಇಟ್ಟಳು.

ಚೀಟಿಗೆ ಉಳಿದದ್ದು ಒಂದೇ ದಿನ. ಎಗೋನ್ ಮೆಟ್ಟಿಲಿಗೆ ಓಡಿಬಂದು ಫ್ರೌ ಸ್ಟೈಮ್ಲೆಯವರ ಬಾಗಿಲು ಬಡಿದ. ಗದ್ದಲಕ್ಕೆ ಡಾಕ್ಟರ್ ಕ್ನೌಪ್ ಹತ್ತಿ ಬಂದರು. ನಾನೂ ಬಾಗಿಲು ತೆರೆದೆ, ನೆರೆಯವನ ಕಷ್ಟ ನೋಡದೆ ಇರುವುದು ಕ್ರೈಸ್ತನಿಗೆ ತರವಲ್ಲ.

"ಫ್ರೌ ಸ್ಟೈಮ್ಲೆ, ನಾನು ಸರ್ಕಾರಿ! ಹುಟ್ಟಿದಾಗಿಂದ ಸರ್ಕಾರಿ! ಫೋನಲ್ಲಿ ಹೇಳಿದ್ದು ಸುಳ್ಳು. ದಯವಿಟ್ಟು ನಿಮ್ಮ ತಂಗಿಗೆ ಒಂದು ಮಾತು ಹೇಳಿ!"

ಫ್ರೌ ಸ್ಟೈಮ್ಲೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಕಷ್ಟವನ್ನೂ ನಾವು ಅರ್ಥಮಾಡಿಕೊಳ್ಳಬೇಕು. ಅವನು ಸರ್ಕಾರಿಯಾದರೆ ಅವರು ಊರಿಗೆಲ್ಲ ಹಂಚಿದ ಸುದ್ದಿ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಸರ್ಕಾರಿಯವನ ಮೆಟ್ಟಿಲನ್ನು ಅವರು ಮಂಡಿಯೂರಿ ಒರೆಸಿದಂತಾಗುತ್ತದೆ.

"ಇರೋರು ಯಾವಾಗ್ಲೂ ಇಲ್ಲ ಅಂತಾರೆ," ಎಂದರು.

"ಚೀಟಿ ನೋಡಿ! ಇಲ್ಲೇ ಬರೆದಿದೆ!"

"ಚೀಟಿ ಯಾರು ಬೇಕಾದ್ರೂ ಬರೆಸ್ಕೋಬಹುದು."

"ಹೆಫೆಲೆ," ಎಂದರು ಕ್ನೌಪ್ ಗಂಭೀರವಾಗಿ, "ಒಂದು ಮಾತು ಹೇಳ್ತೀನಿ. ಖಾಸಗಿ ವಿಮೆಯ ಮನುಷ್ಯ ತನ್ನನ್ನು ತಾನು ನಿರಾಕರಿಸೋದಿಲ್ಲ. ಅದು ಗುಣದ ಪ್ರಶ್ನೆ."

"ನಾನು ಪೇಂಟರು ಸ್ವಾಮಿ! ನನ್ನ ಪ್ಯಾಂಟು ನೋಡಿ!"

"ವಿನಯ," ಎಂದರು ಕ್ನೌಪ್ ನನ್ನ ಕಡೆ ತಿರುಗಿ. "ಹಳೇ ಮನೆತನದ ವಿನಯ."

ಮೂರು ಬಾಗಿಲೂ ಮುಚ್ಚಿದವು. ನಾಚಿಕೆಯಿಂದ ಹೇಳುತ್ತೇನೆ, ನನ್ನದೂ. ನನಗೆ ನಿಜ ಗೊತ್ತಿತ್ತು. ಆದರೆ ಮುಂದಿನ ವಾರ ಗುಡಿಸುವ ಸರದಿ ನನ್ನದಿತ್ತು, ಬೆರಳು ಫ್ರೌ ಸ್ಟೈಮ್ಲೆಯವರದು.

ಮಾರ್ಚ್ ಮೂವತ್ತೊಂದು, ಮಂಗಳವಾರ. ಎಗೋನ್ ಮತ್ತು ಹೆಡ್ವಿಗ್ ಬೆಳಗಿನ ಮೊದಲ ಬಸ್ಸಿಗೇ ವೈಲರಿಗೆ ಹೋದರು. ಫ್ರೌ ಕ್ರೌಟರ್ ಅವರ ಕಾಯುವ ಕೋಣೆಯಲ್ಲಿ ಎಂಟು ಕುರ್ಚಿ, ಹದಿನಾಲ್ಕು ಜನ. ಗೆರ್ಲಿಂಡೆ ಮೇಜಿನ ಹಿಂದಿನಿಂದ ಎದ್ದು ಎರಡು ಕೈಯನ್ನೂ ಚಾಚಿ ಅಡ್ಡ ನಿಂತಳು. ಅವಳ ಕೈಗಳು ಎಷ್ಟು ಸಲೀಸಾಗಿ ಮೇಲಕ್ಕೆ ಹೋಗುತ್ತವೆ ಎಂದು ಎಗೋನ್ ಆಸೆಯಿಂದ ನೋಡಿದ.

"ಬಂದೇಬಿಟ್ರಾ! ನೋಡ್ರಪ್ಪಾ, ಖಾಸಗಿಯವರು ಬಂದಿದಾರೆ, ನಮ್ಮ ಮಂಗಳವಾರಕ್ಕೆ!"

"ಖಾಸಗಿನಾ?" ಊರುಗೋಲಿನ ಮುದುಕನೊಬ್ಬ ಗೊಣಗಿದ. "ಅವರಿಗೆ ಬುಧವಾರ, ಗುರುವಾರ, ಇಡೀ ವರ್ಷ ಇದೆಯಲ್ಲ."

"ಇವ್ರು ಸರ್ಕಾರಿ ಕಣಮ್ಮ, ನಾನು ಹೆಂಡ್ತಿ ಹೇಳ್ತಾ ಇದೀನಿ," ಎಂದಳು ಹೆಡ್ವಿಗ್. "ಪೆದ್ದು ಅಷ್ಟೆ. ಪೆದ್ದುತನಕ್ಕೆ ಎರಡು ವಿಮೆಯಲ್ಲೂ ಚಿಕಿತ್ಸೆ ಇಲ್ಲ."

ಒಳಗಿನ ಬಾಗಿಲು ತೆರೆದು ಫ್ರೌ ಕ್ರೌಟರ್ ಹೊರಗೆ ಬಂದರು. ಅರವತ್ತು ದಾಟಿದ ಹೆಂಗಸು, ಮುಂಗೈಗಳು ಒನಕೆಯ ಹಾಗೆ. "ಏನು ಜಾತ್ರೆ ಇದು? ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಇರೋದು ನನ್ನ ಹತ್ರ." ಗೆರ್ಲಿಂಡೆ ಹೇಳಿದ್ದನ್ನು ಕೇಳಿಸಿಕೊಂಡು ಎಗೋನ್ ಕಡೆ ತಿರುಗಿದರು. "ಸರ್ಕಾರಿ ಅಂತೀರಲ್ಲ. ನಿಮ್ಮ ವಿಮೆ ಕಚೇರಿಗೆ ಫೋನ್ ಮಾಡಿ ಸಹಾಯ ಕೇಳಿದ್ರಾ?"

"ಮೂರು ಸಲ, ಫ್ರೌ ಕ್ರೌಟರ್."

"ಏನು ಹೇಳಿದ್ರು?"

"ಏನೂ ಹೇಳ್ಲಿಲ್ಲ. ತಡೀರಿ ಅಂತ ಹಾಡು ಹಾಕಿದ್ರು."

"ಯಾವ ಹಾಡು?"

ಎಗೋನ್ ಸಂಕೋಚದಿಂದ ಗಂಟಲು ಸರಿಮಾಡಿಕೊಂಡು ಗುನುಗಿದ. ಟಿಂಗ್ ಟಿಂಗ್ ಎಂದು ಏರಿ, ನಡುವೆ ಸಿಕ್ಕಿಕೊಂಡು, ಮತ್ತೆ ಮೊದಲಿನಿಂದ ಶುರುವಾಗುವ ಆ ಹಾಳು ಹಾಡು. ಎರಡನೆಯ ಸುತ್ತಿನಲ್ಲಿ ಊರುಗೋಲಿನ ಮುದುಕ ಜೊತೆಗೂಡಿದ. ಕತ್ತಿಗೆ ಪಟ್ಟಿ ಹಾಕಿದ ಹೆಂಗಸು ಮೇಲಿನ ಸ್ವರ ಹಿಡಿದಳು. ಹಾಡು ಸಿಕ್ಕಿಕೊಳ್ಳುವ ಜಾಗದಲ್ಲಿ ಹದಿನಾಲ್ಕು ಜನರೂ ಒಟ್ಟಿಗೆ ನಿಂತು, ಒಟ್ಟಿಗೆ ಉಸಿರು ತೆಗೆದುಕೊಂಡು, ಒಟ್ಟಿಗೆ ಮೊದಲಿನಿಂದ ಶುರು ಮಾಡಿದರು. ನಮ್ಮ ಚರ್ಚಿನ ಗಾಯಕರು ಮೂವತ್ತು ವರ್ಷದ ಅಭ್ಯಾಸದಲ್ಲೂ ಇಷ್ಟು ಚೆನ್ನಾಗಿ ಕೂಡಿಕೊಂಡದ್ದಿಲ್ಲ. ಗೆರ್ಲಿಂಡೆಯ ಕಾಲು ಕೂಡ ಮೇಜಿನ ಕೆಳಗೆ ತಾಳ ಹಾಕುತ್ತಿತ್ತು.

"ಸಾಕು," ಎಂದರು ಫ್ರೌ ಕ್ರೌಟರ್. "ಖಾಸಗಿಯವರನ್ನ ಈ ಹಾಡು ಕಲಿಯೋವಷ್ಟು ಹೊತ್ತು ಯಾರೂ ಕಾಯಿಸಲ್ಲ. ಒಳಗೆ ಬನ್ನಿ. ಇಪ್ಪತ್ತರಲ್ಲಿ ಆರು ನಿಮಿಷ ಹಾಡಿಗೆ ಹೋಯ್ತು."

ಒಳಗೆ ಸೌತೆಕಾಯಿ ಇರಲಿಲ್ಲ, ಕೊಳಲೂ ಇರಲಿಲ್ಲ. ಫ್ರೌ ಕ್ರೌಟರ್ ಅವನನ್ನು ಹಲಗೆಯ ಮೇಲೆ ಕೆಡವಿ, ಕಂಕುಳಿಗೆ ಮಂಡಿ ಕೊಟ್ಟು, ಕೈ ಹಿಡಿದು ಎಳೆದರು. ಎಗೋನ್ ಹೊರಡಿಸಿದ ಕೂಗು ಬಸ್ ನಿಲ್ದಾಣದವರೆಗೆ ಕೇಳಿತಂತೆ. ಹೊರಗೆ ಮುದುಕ ತೃಪ್ತಿಯಿಂದ ತಲೆದೂಗಿ, "ಸರ್ಕಾರಿನೇ" ಎಂದ.

ಕೈ ಎದೆಯನ್ನು ದಾಟಿತು. ಗಲ್ಲವನ್ನು ದಾಟಿತು. ಆರನೆಯ ಸಲದ ಹೊತ್ತಿಗೆ, ಈಸ್ಟರ್ ಕಳೆದು ಒಂದು ವಾರಕ್ಕೆ, ಕಿವಿಯನ್ನು ಸವರಿಕೊಂಡು ನೆಟ್ಟಗೆ ನಿಂತಿತು. ಅದರ ಜೊತೆ ಎಗೋನ್‌ನ ಕಣ್ಣೂ ಮೇಲಕ್ಕೆ ಹೋಯಿತು.

"ಫ್ರೌ ಕ್ರೌಟರ್, ನಿಮ್ಮ ಸೀಲಿಂಗು ಹಳದಿಯಾಗಿದೆ. ಎರಡು ಕೋಟು ಬೇಕು."

"ಮನೇಲಿ ವ್ಯಾಯಾಮ ಮಾಡ್ತಿದೀರಾ ನೀವು?"

"ದಿನಾ ಮಾಡ್ತೀನಿ."

"ಎಲ್ಲರೂ ಹೀಗೇ ಸುಳ್ಳು ಹೇಳ್ತಾರೆ. ಶನಿವಾರ ಬ್ರಷ್ ತಗೊಂಡು ಬನ್ನಿ. ನನ್ನ ಕಣ್ಣೆದುರಿಗೇ ಕೈ ಎತ್ತಿ, ನೋಡ್ತೀನಿ. ಸೋಮವಾರ ನಿಮ್ಮ ಮೇಸ್ತ್ರಿ ಹತ್ರ ಹೋಗಿ."

ಶನಿವಾರ ಎಗೋನ್ ಏಣಿಯ ಮೇಲೆ ನಿಂತು, ಬಲಗೈಯನ್ನು ತಲೆಯ ಮೇಲೆ ಚಾಚಿ, ಸಿಳ್ಳೆ ಹಾಕುತ್ತ, ಸೀಲಿಂಗಿಗೆ ಮೊದಲ ಕೋಟು ಬಳಿಯುತ್ತಿದ್ದ. ತಂಗಿಗೆ ಸಿಹಿಬ್ರೆಡ್ ಕೊಡಲು ವೈಲರಿಗೆ ಬಂದಿದ್ದ ಫ್ರೌ ಸ್ಟೈಮ್ಲೆ ಕಿಟಕಿಯ ಹೊರಗೆ ಕೈಚೀಲ ಹಿಡಿದು ನಿಂತು, ಅವನನ್ನೂ, ಏಣಿಯನ್ನೂ, ಹೊಸ ಬಿಳುಪನ್ನೂ ಬಹಳ ಹೊತ್ತು ನೋಡಿದರು. ಸಂಜೆ ನನ್ನನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದರು.

"ನಾನು ಹೇಳಿರ್ಲಿಲ್ವಾ? ಸರ್ಕಾರಿ ಅಂತೆ, ಸರ್ಕಾರಿ! ಆ ವೈಲರಿನ ಕೇಂದ್ರವನ್ನೇ ಕೊಂಡ್ಕೊಂಡುಬಿಟ್ಟಿದಾನೆ. ಈಗಾಗಲೇ ಬಣ್ಣ ಹೊಡೀತಾ ಇದಾನೆ!"